ಹೊಗೆ ಮೇಡಂ, ಗಾಳಿ ಮೇಡಂ

ಊರಿನ ಹಿಂದಿದ್ದ ಬೆಟ್ಟ ಸಿಡಿದದ್ದನ್ನು ಕಣ್ಣಾರೆ ಕಂಡವರು ಈಗ ಯಾರೂ ಬದುಕಿರಲಿಲ್ಲ. ಅದು ಬರೀ ಹೊಗೆಯಾಡುತ್ತಿತ್ತು. ಗಾಳಿ ಬಿದ್ದ ದಿನ ಹೊಗೆ ನೆಟ್ಟಗೆ ನಿಲ್ಲುತ್ತಿತ್ತು. ಗಾಳಿ ಎದ್ದ ದಿನ ಮಗ್ಗುಲಿಗೆ ವಾಲಿ ಊರಿನ ಮೇಲೆಲ್ಲ ಚಾಚಿಕೊಳ್ಳುತ್ತಿತ್ತು. ಆಗ ಒಣಹಾಕಿದ ಬಟ್ಟೆಗೆ ಬೂದಿ ಕೂರುವುದು, ಗಂಟಲು ಕೆರೆಯುವುದು, ಮಳೆ ಬಂದರೆ ಆ ಹುಳಿ ನೀರಿಗೆ ತಗಡಿನ ಮಾಡುಗಳು ತೂತುಬೀಳುವುದು ಎಲ್ಲ ಇದ್ದದ್ದೇ. ಜನ ಬೆಟ್ಟವನ್ನು ಬೈದುಕೊಂಡೇ ಅದರ ಮಗ್ಗುಲಲ್ಲಿ ಸಂಸಾರ ಮಾಡಿಕೊಂಡಿದ್ದರು.

ಆ ಹೊಗೆಯನ್ನು ಅಳೆಯುವ ಕೆಲಸ ಕನ್ನಡಕದ ಅಂಗಡಿಯವರ ಹೆಂಡತಿಯದು. ಊರ ಮೇಲ್ತುದಿಯ ವೀಕ್ಷಣಾಲಯದಲ್ಲಿ ಅವಳು ಅನಿಲ ವಿಭಾಗದ ವಿಜ್ಞಾನಿ. ಜೀಪಿನ ನೆತ್ತಿಯ ಮೇಲೆ ಆಕಾಶ ನೋಡುವ ಪುಟ್ಟ ಯಂತ್ರವೊಂದನ್ನು ಬಿಗಿದುಕೊಂಡು, ಹೊಗೆಯ ಅಡಿಯಲ್ಲಿ ಈ ಅಂಚಿನಿಂದ ಆ ಅಂಚಿಗೆ ಓಡಿಸುತ್ತಿದ್ದಳು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಗಂಧಕದ ಅನಿಲ ಎಷ್ಟು ನುಂಗಿದೆ ಎಂದು ಯಂತ್ರ ಹೇಳುತ್ತಿತ್ತು. ಅದನ್ನು ಗಾಳಿಯ ವೇಗದಿಂದ ಗುಣಿಸಿದರೆ ಬೆಟ್ಟ ಆ ದಿನ ಎಷ್ಟು ಅನಿಲ ಉಗುಳಿತೆಂಬ ಲೆಕ್ಕ ಸಿಗುತ್ತಿತ್ತು. ಮಳೆಗಾಲ, ಚಳಿಗಾಲ, ಜ್ವರ, ತಲೆನೋವು ಯಾವುದನ್ನೂ ಲೆಕ್ಕಿಸದೆ ವರ್ಷಗಟ್ಟಲೆ ಅವಳು ಇದನ್ನು ಮಾಡಿದ್ದಳು. ಊರವರು ಅವಳನ್ನು ಹೊಗೆ ಮೇಡಂ ಎನ್ನುತ್ತಿದ್ದರು.

ಬೇಕರಿಯವನು, ಲಾಂಡ್ರಿಯವಳು, ಬಸ್ಸಿನ ಕಂಡಕ್ಟರ್ ಎಲ್ಲರೂ ಅವಳನ್ನು ತಡೆದು ಕೇಳುವವರೇ. "ಮೇಡಂ, ಇವತ್ತು ಬಟ್ಟೆ ಹೊರಗೆ ಹಾಕ್ಬಹುದಾ?"

ಅವಳು ಕತ್ತೆತ್ತಿ ಬೆಟ್ಟ ನೋಡಿ, ಮೂಗು ಸುಕ್ಕುಮಾಡಿ, "ಮಧ್ಯಾಹ್ನದವರೆಗೂ ಹಾಕಿ. ಆಮೇಲೆ ಎತ್ಕೊಂಡ್ಬಿಡಿ" ಎನ್ನುತ್ತಿದ್ದಳು. ಹೇಳಿದ್ದು ಬಹುಮಟ್ಟಿಗೆ ನಿಜವಾಗುತ್ತಿತ್ತು. ಸುಳ್ಳಾದ ದಿನ ಜನ ನಕ್ಕು ಸುಮ್ಮನಾಗುತ್ತಿದ್ದರು. ಈ ಪ್ರಶ್ನೆಗಳೆಂದರೆ ತನಗೆ ಎಷ್ಟು ಇಷ್ಟ ಎಂಬುದು ಅವಳಿಗೆ ತಿಳಿದದ್ದು ಅವು ನಿಂತುಹೋದ ಮೇಲೆ.

ನಿಂತದ್ದು ಮೈದುನನ ಮದುವೆಯಾದ ಮೇಲೆ. ಮೈದುನ ಊರಿನ ರೇಡಿಯೋ ಕೇಂದ್ರದಲ್ಲಿ ಧ್ವನಿಮುದ್ರಣದ ಕೆಲಸದವನು. ಅವನ ಕೈಹಿಡಿದು ಬಂದವಳು ಗಾಳಿಯನ್ನು ಓದಿಕೊಂಡವಳು. ಎಷ್ಟು ಎತ್ತರದಲ್ಲಿ ಗಾಳಿ ಎತ್ತ ತಿರುಗುತ್ತದೆ ಎಂಬುದನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ನಾಳೆ ಹೊಗೆ ಯಾವ ಬೀದಿಯ ಮೇಲೆ ಬಂದು ಕೂರುತ್ತದೆಂದು ನಕ್ಷೆ ಬಿಡಿಸುವವಳು. ಅದೇ ವೀಕ್ಷಣಾಲಯಕ್ಕೆ ವರ್ಗ ಮಾಡಿಸಿಕೊಂಡಳು. ಹೀಗೆ ಒಂದೇ ಮನೆಯ ಓರಗಿತ್ತಿಯರು ಒಂದೇ ಕಚೇರಿಯವರೂ ಆದರು. ಮನೆಯ ಕೆಳಗಡೆ ದೊಡ್ಡವಳು, ಅವಳ ಗಂಡ, ಅತ್ತೆ. ಮಹಡಿಯ ಮೇಲೆ ಚಿಕ್ಕವಳು, ಅವಳ ಗಂಡ.

ಚಿಕ್ಕವಳ ನಕ್ಷೆ ಮೊದಲು ನಿರ್ದೇಶಕರ ಮೇಜಿಗೆ ಹೋಯಿತು, ಆಮೇಲೆ ಶಾಲೆಗಳಿಗೆ, ಕೊನೆಗೆ ರೇಡಿಯೋಗೆ. ಬೆಳಿಗ್ಗೆ ವಾರ್ತೆ ಮುಗಿದೊಡನೆ ಅವಳ ದನಿ: "ಇವತ್ತು ಹೊಗೆ ಸೇತುವೆ ಕಡೆಗೆ ವಾಲಲಿದೆ. ಆ ಕಡೆಯವರು ಕಿಟಕಿ ಹಾಕ್ಕೊಂಡಿರಿ. ಮಾರ್ಕೆಟ್ ಹತ್ತಿರದವರು ಧಾರಾಳವಾಗಿ ಬಟ್ಟೆ ಒಣಗಿಸ್ಬಹುದು." ಅವಳ ಮಾತಿನಲ್ಲಿ ಒಂದು ನಗು ಇರುತ್ತಿತ್ತು. ಜನ ಅವಳಿಗೆ ಗಾಳಿ ಮೇಡಂ ಎಂದು ಹೆಸರಿಟ್ಟರು. ಬೇಕರಿಯವನು ದೊಡ್ಡವಳನ್ನು ಕಂಡಾಗ ಈಗಲೂ ನಿಲ್ಲಿಸುತ್ತಿದ್ದ, ಆದರೆ ಕೇಳುತ್ತಿದ್ದದ್ದು ಬೇರೆ: "ನಿಮ್ಮ ಗಾಳಿ ಮೇಡಂ ಇವತ್ತು ರೇಡಿಯೋದಲ್ಲಿ ಬರ್ಲೇ ಇಲ್ವಲ್ಲ, ಹುಷಾರಾಗಿದಾರಾ?"

"ಅವಳಿಗೇನು, ಗುಂಡುಕಲ್ಲಿನ ಹಾಗಿದಾಳೆ" ಎಂದು ದೊಡ್ಡವಳು ಬ್ರೆಡ್ಡಿನ ಪೊಟ್ಟಣ ಕಿತ್ತುಕೊಂಡಂತೆ ತೆಗೆದುಕೊಂಡು ಹೊರಟಳು.

ಅತ್ತೆ ನಿವೃತ್ತ ನರ್ಸ್. ಉಬ್ಬಸ ಇದ್ದ ಹೆಂಗಸು. ಹೊಗೆಯ ದಿಕ್ಕು ಅವರಿಗೆ ಜೀವದ ಪ್ರಶ್ನೆ. ತಿಂಡಿಯ ಹೊತ್ತಿಗೆ ರೇಡಿಯೋವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು, ದೊಡ್ಡವಳು ಏನಾದರೂ ಹೇಳಹೊರಟರೆ ಕೈಯೆತ್ತಿ, "ಶ್! ಚಿಕ್ಕವಳು ಮಾತಾಡ್ತಿದಾಳೆ" ಎನ್ನುತ್ತಿದ್ದರು. ದೊಡ್ಡವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅನಿಲದ ಅಳತೆ ತಾನು ಕೊಡದಿದ್ದರೆ ಆ ನಕ್ಷೆಗೆ ಬಣ್ಣವೇ ಇಲ್ಲ. ಅದನ್ನು ಯಾರೂ ಹೇಳುತ್ತಿರಲಿಲ್ಲ. ಇನ್ನೂ ಉರಿಯುವ ಮಾತೆಂದರೆ, ಈಗ ತನ್ನ ಅಳತೆಯನ್ನು ಚಿಕ್ಕವಳು ಕೊಟ್ಟ ಗಾಳಿಯ ವೇಗದಿಂದಲೇ ಗುಣಿಸಬೇಕಾಗಿತ್ತು. ಹಿಂದೆ ಆ ವೇಗವನ್ನು ಹವಾಮಾನ ಇಲಾಖೆಯಿಂದ ಪಡೆಯುತ್ತಿದ್ದಳು. ಆ ಇಲಾಖೆಯ ಮೇಲೆ ಅವಳಿಗೆಂದೂ ಹೊಟ್ಟೆಕಿಚ್ಚು ಆಗಿರಲಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೋ ಏನೋ. ಅಷ್ಟರಲ್ಲಿ ಪ್ರೊಫೆಸರ್ ಬಂದರು.

ಅವರು ದೂರದ ವಿಶ್ವವಿದ್ಯಾಲಯದವರು, ಬಿಳಿಗಡ್ಡದವರು. ಸಿಡಿಯದೆ ಸುಮ್ಮನೆ ಹೊಗೆಯಾಡುವ ಬೆಟ್ಟಗಳ ಅನಿಲ ಆಕಾಶದಲ್ಲಿ ಸಣ್ಣ ಸಣ್ಣ ಹನಿಗಳಾಗಿ, ಬಿಸಿಲನ್ನು ಹಿಂದಕ್ಕೆ ತಳ್ಳಿ, ಕೆಳಗಿನ ನೆಲವನ್ನು ಎಷ್ಟು ತಂಪುಮಾಡುತ್ತದೆ ಎಂಬುದು ಅವರ ವಿಷಯ. ಅದಕ್ಕೆ ವರ್ಷಾನುವರ್ಷ ಬಿಡದೆ ಮಾಡಿದ ಅಳತೆಗಳು ಬೇಕು. ಅಂಥವು ಸಿಗುವುದೇ ಕಡಿಮೆ. ಸಿಕ್ಕದ್ದು ದೊಡ್ಡವಳ ಪ್ರಬಂಧಗಳಲ್ಲಿ. ಆದರೆ ಓರಗಿತ್ತಿಯರಿಬ್ಬರೂ ಗಂಡನ ಮನೆತನದ ಹೆಸರನ್ನೇ ಇಟ್ಟುಕೊಂಡಿದ್ದರು. ಇಬ್ಬರ ಸ್ವಂತ ಹೆಸರಿನ ಮೊದಲಕ್ಷರವೂ ಒಂದೇ. ಅಚ್ಚಿನಲ್ಲಿ ಮೊದಲಕ್ಷರ, ಮನೆತನದ ಹೆಸರು, ಅಷ್ಟೇ ಇರುತ್ತಿತ್ತು.

ವೀಕ್ಷಣಾಲಯದ ಸಭಾಂಗಣದಲ್ಲಿ ಚಹಾ ಕೂಟ. ಪ್ರೊಫೆಸರ್ ನೆಟ್ಟಗೆ ಚಿಕ್ಕವಳ ಬಳಿ ಹೋಗಿ ಎರಡೂ ಕೈಯಿಂದ ಅವಳ ಕೈಹಿಡಿದರು. "ಆ ಅಳತೆಗಳು ನಿಮ್ಮವೇ ಅಲ್ವಾ? ಇಷ್ಟು ವರ್ಷ ಒಬ್ಬರೇ! ಇಂಥ ತಪಸ್ಸು ನಾನು ಎಲ್ಲೂ ನೋಡಿಲ್ಲ. ನೀವಿಲ್ಲದಿದ್ರೆ ನನ್ನ ಕೆಲಸವೇ ಇಲ್ಲ."

ಎರಡು ಮಾರು ದೂರದಲ್ಲಿ ದೊಡ್ಡವಳು ಚಹಾದ ಕಪ್ಪು ಹಿಡಿದು ನಿಂತಿದ್ದಳು. ಈಗ ಹೇಳುತ್ತಾಳೆ, ಈಗ ತನ್ನತ್ತ ಕೈತೋರಿಸುತ್ತಾಳೆ ಎಂದು ಕಾದಳು. ಮುಖದ ಮೇಲೆ ನಗುವನ್ನೂ ಸಿದ್ಧಮಾಡಿಕೊಂಡಳು. ಚಿಕ್ಕವಳು ಕೆಂಪಾದಳು, ತಲೆತಗ್ಗಿಸಿದಳು, ನಕ್ಕಳು. ಏನೂ ಹೇಳಲಿಲ್ಲ. ಅಷ್ಟರಲ್ಲಿ ನಿರ್ದೇಶಕರು ಬಂದು ಪ್ರೊಫೆಸರನ್ನು ಯಂತ್ರಗಳ ಕೋಣೆಗೆ ಕರೆದುಕೊಂಡು ಹೋದರು. ದೊಡ್ಡವಳು ಸಿದ್ಧವಾಗಿದ್ದ ನಗುವನ್ನು ಏನು ಮಾಡಬೇಕೆಂದು ತಿಳಿಯದೆ ಗೋಡೆಯ ಗಡಿಯಾರದತ್ತ ನಕ್ಕು, ಕಪ್ಪನ್ನು ಕೆಳಗಿಟ್ಟು, ಜೀಪಿನಲ್ಲಿ ಹೋಗಿ ಕೂತಳು.

ಸಂಜೆ ಗಂಡನಿಗೆ ಹೇಳಿದಾಗ ಅವನು ಗಾಜೊಂದನ್ನು ಚೌಕಟ್ಟಿಗೆ ಕೂರಿಸುತ್ತ, "ಗಾಬರಿಯಾಗಿರ್ತಾಳೆ ಕಣೆ. ಆಮೇಲೆ ಹೇಳಿರ್ತಾಳೆ" ಎಂದ.

"ನಾಲಿಗೆ ಬಿದ್ದುಹೋಗಿತ್ತಾ? ರೇಡಿಯೋದಲ್ಲಿ ಪಟಪಟ ಅಂತಾಳಲ್ಲ!"

"ಈಗ ನೋಡು, ಬೆಟ್ಟಕ್ಕಿಂತ ಜಾಸ್ತಿ ಹೊಗೆ ನಿನ್ನ ಹೊಟ್ಟೆಯಿಂದ ಬರ್ತಿದೆ. ಇದನ್ನ ಯಾವ ಯಂತ್ರದಲ್ಲಿ ಅಳೆಯೋದು?"

ಅವಳು ನಗಲಿಲ್ಲ.

ಅಂದಿನಿಂದ ದೊಡ್ಡವಳಿಗೆ ಒಂದೇ ಧ್ಯಾನ. ಚಿಕ್ಕವಳ ನಕ್ಷೆಯಲ್ಲಿ ಒಂದಾದರೂ ತಪ್ಪು ಹಿಡಿಯಬೇಕು. ಹುಳಿಮಳೆಯನ್ನು ಹಿಡಿಯುವ ಪ್ಲಾಸ್ಟಿಕ್ ಕಪ್ಪುಗಳನ್ನೂ, ಅನಿಲ ತಾಕಿದರೆ ಬಣ್ಣ ಬದಲಿಸುವ ಕಾಗದದ ಪಟ್ಟಿಗಳನ್ನೂ ಜೀಪಿಗೆ ತುಂಬಿಕೊಂಡು, ನಕ್ಷೆ ಎಲ್ಲಿ 'ಶುಭ್ರ' ಎನ್ನುತ್ತದೋ ಅಲ್ಲೇ ಹೋಗಿ ಇಟ್ಟುಬಂದಳು. ಶಾಲೆಯ ಕಾಂಪೌಂಡಿನ ಮೇಲೆ, ಪೆಟ್ರೋಲ್ ಬಂಕಿನ ಹಿಂದೆ, ಆಸ್ಪತ್ರೆಯ ತಾರಸಿಯಲ್ಲಿ. ಮಾರನೆಯ ದಿನ ಬೆಳಗಾಗುವುದನ್ನೇ ಕಾದು ಹೋಗಿ ನೋಡಿದರೆ ಪಟ್ಟಿಗಳು ಇಟ್ಟ ಹಾಗೇ ಬೆಳ್ಳಗೆ ಇರುತ್ತಿದ್ದವು. ಶುಭ್ರ ಅಂದರೆ ಶುಭ್ರ. ಊರಿಗೆ ಒಳ್ಳೆಯದಾಯಿತೆಂದು ಸಂತೋಷಪಡಬೇಕಾದ ಕಡೆ ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಎಷ್ಟು ಹುಡುಕಿದಳೋ ಅಷ್ಟೂ ಚಿಕ್ಕವಳ ಕೆಲಸ ಗಟ್ಟಿಯೆಂದು ಅವಳೇ ಸಾಕ್ಷಿ ಕೂಡಿಹಾಕಿದ ಹಾಗಾಯಿತು.

ಮನೆಯಲ್ಲಿ ಮಹಡಿಯಿಂದ ಚಿಕ್ಕವಳ ಹೆಜ್ಜೆ ಸಪ್ಪಳ ಕೇಳಿದರೂ ಸಾಕು, ಪಾತ್ರೆಯನ್ನು ಕುಕ್ಕುತ್ತಿದ್ದಳು. ಚಿಕ್ಕವಳು ಮೆಟ್ಟಿಲಿಳಿದು ಬಂದು, "ಅಕ್ಕಾ, ನಿಮ್ಮ ನಿನ್ನೆಯ ಅಳತೆ ಸಿಕ್ತು. ತುಂಬಾ ಉಪಕಾರ ಆಯ್ತು" ಎಂದರೆ, "ನನ್ನ ಕೆಲಸ ನಾನು ಮಾಡ್ತೀನಪ್ಪ" ಎಂದು ನಲ್ಲಿ ತಿರುಗಿಸುತ್ತಿದ್ದಳು.

ಚಳಿ ಶುರುವಾದ ಮೇಲೆ ಒಂದು ದಿನ ಗಿಡಗಳ ನರ್ಸರಿಯವರು ಎಲೆಗಳ ಒಂದು ಕಂತೆ ಹಿಡಿದು ವೀಕ್ಷಣಾಲಯಕ್ಕೆ ಬಂದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದ, ಮಾತು ಬೇಕಾಗಿದ್ದ ಮನುಷ್ಯ. ಗುಡ್ಡದ ಏಣಿನ ಆಚೆ, ಬೋಗುಣಿಯಂಥ ಒಂದು ತಗ್ಗಿನಲ್ಲಿ ಅವರ ನರ್ಸರಿ. ಆ ತಗ್ಗಿಗೆ ಹೊಗೆ ಬರುವುದೇ ಇಲ್ಲ ಎಂಬುದು ಎಲ್ಲರ ನಂಬಿಕೆ. ಉದ್ದಕ್ಕೂ ಎದ್ದುನಿಂತ ದಿಬ್ಬದ ಆ ಏಣು ಅಡ್ಡಗೋಡೆಯ ಹಾಗಿತ್ತು. ಎಲೆಗಳ ಮೇಲೆ ನರಗಳ ನಡುವೆ ಬಿಳಿಚಿಕೊಂಡ ಮಚ್ಚೆಗಳಿದ್ದವು.

"ರೋಗಾನೋ ಏನೋ ಗೊತ್ತಾಗ್ತಿಲ್ಲ ಮೇಡಂ. ಔಷಧಿ ಹೊಡೆದೂ ಹೊಡೆದೂ ಸಾಕಾಯ್ತು."

ದೊಡ್ಡವಳು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ರೋಗವಲ್ಲ, ಅನಿಲ ಸುಟ್ಟ ಗುರುತು ಎಂದು ಅವಳಿಗೆ ಗೊತ್ತಾಯಿತು. "ನಿಮಗೆ ಕೆಮ್ಮು ಇದೆಯಾ?" ಎಂದು ಕೇಳಿದಳು.

"ಬೆಳಿಗ್ಗೆ ಬೆಳಿಗ್ಗೆ ಸ್ವಲ್ಪ. ವಯಸ್ಸಾಯ್ತಲ್ಲ."

ಶುಕ್ರವಾರ ಸೂರ್ಯ ಹುಟ್ಟುವ ಮೊದಲೇ ಅವಳು ತಗ್ಗಿಗೆ ಇಳಿದಳು. ಜೀಪಿನ ಯಂತ್ರಕ್ಕೆ ಬಿಸಿಲಿಲ್ಲದೆ ಏನೂ ಕಾಣದು. ಆದ್ದರಿಂದ ಕೈಯಲ್ಲಿ ಹಿಡಿಯುವ ಮೀಟರ್ ತಂದಿದ್ದಳು. ಗಾಳಿ ಸತ್ತುಬಿದ್ದಿತ್ತು. ನರ್ಸರಿಯ ಬೇಲಿಯ ಬಳಿ ಮೀಟರ್ ಒಮ್ಮೆ ಕಿರುಗುಟ್ಟಿತು, ನಾಲ್ಕು ಹೆಜ್ಜೆ ಮುಂದೆ ಹೋದರೆ ಬಿಡದೆ ಕೂಗತೊಡಗಿತು. ಗಂಧಕದ ವಾಸನೆ ಗಂಟಲನ್ನು ಹಿಡಿಯಿತು. ಅವಳು ತಲೆಯೆತ್ತಿ ನೋಡಿದಳು. ಏಣಿನ ಒಂದು ಕಡೆ ಹಲ್ಲು ಬಿದ್ದಂಥ ಸಂದು. ರಾತ್ರಿ ತಣ್ಣಗಾದ ಅನಿಲ ಭಾರವಾಗಿ, ಇಳಿಜಾರಿನಲ್ಲಿ ನೀರಿನಂತೆ ಹರಿದು, ಆ ಸಂದಿನಿಂದ ಇಳಿದು ಇಲ್ಲಿ ನಿಲ್ಲುತ್ತಿದೆ. ಬಿಸಿಲು ಬಂದು ನೆಲ ಕಾದೊಡನೆ ಮೇಲೇಳುತ್ತದೆ. ಚಿಕ್ಕವಳ ನಕ್ಷೆಯ ಚೌಕಗಳು ದೊಡ್ಡವು. ಅದಕ್ಕೆ ಏಣು ಒಂದು ಸಣ್ಣ ಉಬ್ಬು, ಸಂದಂತೂ ಇಲ್ಲವೇ ಇಲ್ಲ.

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಮೂಗಿಗೆ ಒದ್ದೆ ಬಟ್ಟೆ ಹಿಡಿದುಕೊಂಡೇ ಅವಳು ನಕ್ಕುಬಿಟ್ಟಳು.

ನರ್ಸರಿಯವರ ಬಾಗಿಲು ತಟ್ಟಿ, "ಬಿಸಿಲು ಬರೋ ತನಕ ಹೊರಗೆ ಬರ್ಬೇಡಿ, ಬಾಗಿಲು ಹಾಕ್ಕೊಂಡೇ ಇರಿ. ಸೋಮವಾರ ಎಲ್ಲ ವಿವರವಾಗಿ ಹೇಳ್ತೀನಿ" ಎಂದಳು.

ಸೋಮವಾರ ಯಾಕೆಂದರೆ ಅಂದು ವಾರದ ಸಭೆ. ನಿರ್ದೇಶಕರು, ಎಲ್ಲ ವಿಭಾಗದವರು, ನಗರಸಭೆಯ ಪ್ರತಿನಿಧಿ ಎಲ್ಲರೂ ಇರುತ್ತಾರೆ. ಎಲ್ಲರೆದುರು ಮೀಟರಿನ ಅಳತೆಯನ್ನು ಪರದೆಯ ಮೇಲೆ ಹಾಕಿ, ಪಕ್ಕದಲ್ಲಿ ಚಿಕ್ಕವಳ ನಕ್ಷೆ ಹಾಕಬೇಕು. ಶುಕ್ರವಾರವಿಡೀ, ಶನಿವಾರವಿಡೀ ಅವಳು ಆ ದೃಶ್ಯವನ್ನೇ ಮನಸ್ಸಿನಲ್ಲಿ ಆಡಿಸಿದಳು. ಫೋನೆತ್ತಿ ನಿರ್ದೇಶಕರಿಗೆ ಒಂದು ಮಾತು ಹೇಳಿದರೆ ಆಗುತ್ತಿತ್ತು. ಒಂದೆರಡು ಸಲ ಎತ್ತಿದಳು ಕೂಡ. ಹೇಗೂ ನರ್ಸರಿಯವರಿಗೆ ಹೇಳಿದ್ದೇನಲ್ಲ, ಅಲ್ಲಿ ಬೇರೆ ಯಾರಿದ್ದಾರೆ ಎಂದುಕೊಂಡು ಇಟ್ಟಳು.

ಭಾನುವಾರ ಬೆಳಿಗ್ಗೆ ಚಿಕ್ಕವಳು ರೇಡಿಯೋಗೆ ಹೊರಡುವ ಮುಂಚೆ ಕೆಳಗೆ ಬಂದಳು. ಮಹಡಿಯ ಒಲೆಯ ಗ್ಯಾಸ್ ಮುಗಿದಿತ್ತು. ದೊಡ್ಡವಳು ಕಾಫಿ ಮಾಡಿ ಲೋಟ ಕೈಗಿತ್ತಳು. ಚಿಕ್ಕವಳು ಅಡುಗೆಮನೆಯ ಕಟ್ಟೆಗೆ ಒರಗಿ ಊದಿಕೊಂಡು ಕುಡಿದು, "ನಿಮ್ಮ ಕಾಫಿ ರುಚಿ ನನಗೆ ಬರೋದೇ ಇಲ್ಲ ಅಕ್ಕಾ" ಎಂದು ಲೋಟ ತೊಳೆದಿಟ್ಟು ಹೋದಳು. ದೊಡ್ಡವಳು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ ಅದೇ ನಗುವಿನ ದನಿ: "ಊರ ಪೂರ್ವಕ್ಕೆ ಹೊಗೆ ಇದೆ. ಏಣಿನ ಆಚೆಯ ತಗ್ಗು ಪೂರಾ ಶುಭ್ರ. ವಾಕಿಂಗ್ ಹೋಗೋರು ಇವತ್ತು ಆ ಕಡೆಗೇ ಹೋಗಿ!"

"ಕೇಳಿದ್ಯಾ?" ಎಂದರು ಅತ್ತೆ. "ಎಷ್ಟು ಚೆನ್ನಾಗಿ ಹೇಳ್ತಾಳೆ."

ವಾಕಿಂಗಿನವರನ್ನು ದೊಡ್ಡವಳು ಎಣಿಸಿಯೇ ಇರಲಿಲ್ಲ. ಅವಳು ಮೀಟರನ್ನೂ ಕೀಲಿಕೈಯನ್ನೂ ಬಾಚಿಕೊಂಡು ಜೀಪಿಗೆ ಓಡಿದಳು. ತಗ್ಗಿಗೆ ಇನ್ನೂ ಬಿಸಿಲು ಇಳಿದಿರಲಿಲ್ಲ. ದಾರಿಯಲ್ಲಿ ಸಿಕ್ಕ ಇಬ್ಬರು ವಾಕಿಂಗಿನವರನ್ನು ಕೂಗಿ ಹಿಂದಕ್ಕೆ ಅಟ್ಟಿದಳು. ನರ್ಸರಿಯವರು ಬೇಲಿಯ ಹತ್ತಿರ, ನೀರಿನ ಪೈಪು ಕೈಯಲ್ಲಿ ಹಿಡಿದುಕೊಂಡೇ ಕುಸಿದು ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಪೈಪಿನ ನೀರು ಅವರ ಕಾಲ ಸುತ್ತ ಮಡುಗಟ್ಟಿತ್ತು. ಅವರನ್ನು ಎಳೆದುಕೊಂಡು ಹೋಗಿ ಜೀಪಿನಲ್ಲಿ ಹಾಕಿ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಅವಳಿಗೂ ಉಸಿರು ಸಿಗುತ್ತಿರಲಿಲ್ಲ.

ಜೀವಕ್ಕೆ ಅಪಾಯವಾಗಲಿಲ್ಲ. ಸಂಜೆ ಆಮ್ಲಜನಕದ ಮುಖವಾಡ ಸರಿಸಿ ಅವರು ಅವಳಿಗೇ ಸಮಾಧಾನ ಹೇಳಿದರು. "ನೀವು ಹೇಳಿದ್ರಿ ಮೇಡಂ, ನಾನೇ ಬಂದೆ. ರೇಡಿಯೋದಲ್ಲಿ ಶುಭ್ರ ಅಂದ್ರಲ್ಲ, ಇನ್ನೇನು ಅಂತ..."

ಆ ಮಂಚದ ಪಕ್ಕದಲ್ಲಿ ನಿಂತಾಗಲೂ, ತನ್ನ ಮಾತಿಗಿಂತ ಅವಳ ಮಾತನ್ನು ನಂಬಿದರಲ್ಲ ಎಂದು ದೊಡ್ಡವಳಿಗೆ ಕಿಚ್ಚೆದ್ದಿತು. ಮರುಕ್ಷಣವೇ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಗಿ, ಕಿಟಕಿಯ ಕಡೆ ತಿರುಗಿ ನಿಂತಳು.

ಸೋಮವಾರದ ಸಭೆ ಅವಳು ಮನಸ್ಸಿನಲ್ಲಿ ಆಡಿಸಿದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಚಿಕ್ಕವಳು ಎದ್ದುನಿಂತು, "ತಪ್ಪು ನನ್ನದು. ನನ್ನ ನಕ್ಷೆಗೆ ಆ ಸಂದು ಕಾಣಿಸ್ಲಿಲ್ಲ. ಹೋಗಿ ನೋಡದೆ ಶುಭ್ರ ಅಂದೆ" ಎಂದಳು. ನಗರಸಭೆಯವರು ಬಾಯಿಗೆ ಬಂದಂತೆ ಮಾತಾಡಿದರು. ನಿರ್ದೇಶಕರು, "ರೇಡಿಯೋ ಸದ್ಯಕ್ಕೆ ಬೇಡ. ರೇಡಿಯೋ ಕೇಳಿ ಅನುಮಾನ ಬಂದು ಹೊಗೆ ಮೇಡಂ ತಕ್ಷಣ ಓಡಿಹೋಗದಿದ್ರೆ ಇವತ್ತು ಏನಾಗ್ತಿತ್ತೋ! ಅನುಭವ ಅಂದ್ರೆ ಇದು" ಎಂದರು. ಎಲ್ಲರೂ ದೊಡ್ಡವಳತ್ತ ತಿರುಗಿದರು. ಶುಕ್ರವಾರದ ಅಳತೆಯ ಮಾತು ಹೇಳಲು ಅದೇ ಸಮಯ. ಅವಳು ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತ ಕೂತಳು.

ಮಾರನೆಯ ದಿನ ಬೆಳಗಾಗುವ ಹೊತ್ತಿಗೆ ಇಬ್ಬರನ್ನೂ ತಗ್ಗಿಗೆ ಅಳತೆಗೆ ಕಳಿಸಿದರು. ಜೀಪು ಏಣು ಹತ್ತುತ್ತಿತ್ತು. ಚಿಕ್ಕವಳ ಕಣ್ಣು ಊದಿಕೊಂಡಿತ್ತು.

"ನಿಮಗೆ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ ಅಕ್ಕಾ. ನೀವು ಭಾನುವಾರ ಹೋಗದಿದ್ರೆ ಅವರ ಸಾವು ನನ್ನ ತಲೆ ಮೇಲೆ ಇರ್ತಿತ್ತು. ಜೀವ ಇರೋವರೆಗೂ ಮರೆಯಲ್ಲ."

ದೊಡ್ಡವಳು ಜೀಪನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. ಸ್ಟಿಯರಿಂಗ್ ಬಿಡದೆ, ಮುಂದೆ ನೋಡುತ್ತ ಹೇಳಿದಳು. "ನನಗೆ ಶುಕ್ರವಾರವೇ ಗೊತ್ತಿತ್ತು."

"ಏನು?"

"ಶುಕ್ರವಾರ ಬಂದು ಅಳೆದಿದ್ದೆ. ಸೋಮವಾರ ಎಲ್ಲರ ಮುಂದೆ ಹೇಳೋಣ ಅಂತ ಇಟ್ಕೊಂಡೆ. ನಿನಗೆ ಅವಮಾನ ಆಗ್ಲಿ ಅಂತ."

ಚಿಕ್ಕವಳು ಬಾಗಿಲು ತೆಗೆದು ಇಳಿದು, ದೂರ ಹೋಗಿ ಬೆನ್ನು ತಿರುಗಿಸಿ ನಿಂತಳು. ಬಂದಾಗ ಕಿಟಕಿಯ ಹೊರಗಿನಿಂದಲೇ ಕೇಳಿದಳು. "ಭಾನುವಾರ ನಿಮ್ಮ ಅಡುಗೆಮನೆಯಲ್ಲಿ ನಿಂತ್ಕೊಂಡು ಕಾಫಿ ಕುಡಿದೆ. ಲೋಟ ನೀವೇ ಕೊಟ್ರಿ. ಆಗ್ಲೂ ಗೊತ್ತಿತ್ತು?"

"ಗೊತ್ತಿತ್ತು."

"ನನ್ನ ಮೇಲೆ ಅಷ್ಟು ಸಿಟ್ಟಾ? ನಾನೇನು ಮಾಡಿದೀನಿ ನಿಮಗೆ?"

"ಪ್ರೊಫೆಸರ್ ಬಂದಿದ್ರಲ್ಲ. ನನ್ನ ಕೆಲಸಕ್ಕೆ ನಿನ್ನ ಕೈ ಕುಲುಕಿದ್ರು. ನೀನು ತುಟಿ ಪಿಟಕ್ ಅನ್ನಲಿಲ್ಲ. ನಾನು ಅಲ್ಲೇ ನಿಂತಿದ್ದೆ."

ಚಿಕ್ಕವಳ ಮುಖದಿಂದ ಕೋಪ ಇಳಿಯಲಿಲ್ಲ, ಆದರೆ ಅದರ ಜೊತೆಗೆ ಇನ್ನೇನೋ ಬಂದು ಸೇರಿತು. ಅವಳು ಸೀಟಿನಲ್ಲಿ ಬಂದು ಕೂತಳು.

"ಅವತ್ತೇ ಸಂಜೆ ಅವರ ಹೋಟೆಲಿಗೆ ಫೋನ್ ಮಾಡಿ ಹೇಳಿದೆ, ಅದು ನಾನಲ್ಲ, ನಮ್ಮ ಅಕ್ಕ ಅಂತ. ಆದ್ರೆ ಅಲ್ಲಿ, ಆಗ, ಬೇಕಂತಲೇ ಹೇಳಲಿಲ್ಲ. ಒಂದು ನಿಮಿಷ ನೀವಾಗಿರೋದು ಚೆನ್ನಾಗಿತ್ತು ಅಕ್ಕಾ."

ದೊಡ್ಡವಳು ಅವಳತ್ತ ತಿರುಗಿದಳು.

"ನಿಮಗೇನು ಗೊತ್ತು," ಚಿಕ್ಕವಳು ಅಳುತ್ತ ಸಿಟ್ಟಿನಲ್ಲೇ ಮುಂದುವರಿಸಿದಳು. "ಅತ್ತೆ ಮೇಲೆ ಬಂದ್ರೆ ನಿಮ್ಮದೇ ಪುರಾಣ. ದೊಡ್ಡವಳು ಜ್ವರ ಇದ್ರೂ ಜೀಪು ಹತ್ತಿದ್ಲು, ದೊಡ್ಡವಳು ವಾಸನೆ ನೋಡಿ ಹೇಳ್ತಾಳೆ, ನಿನ್ನ ಹಾಗೆ ಪರದೆ ಮುಂದೆ ಕೂರಲ್ಲ. ನನ್ನ ನಕ್ಷೆ ಬರೀ ಲೆಕ್ಕ. ನಿಮ್ಮ ಅಳತೆಗಳನ್ನ ಇನ್ನೂ ನೂರು ವರ್ಷ ಜನ ಓದ್ತಾರೆ. ನಾಳೆಯ ಗಾಳಿಯನ್ನ ನಾಡಿದ್ದು ಯಾರು ಕೇಳ್ತಾರೆ?"

ಕೆಳಗೆ ತಗ್ಗಿನಲ್ಲಿ ನರ್ಸರಿಯ ಗಾಜಿನ ಮಾಡುಗಳು ಮಬ್ಬಾಗಿ ಕಾಣುತ್ತಿದ್ದವು. ಬಿಸಿಲು ಬಂದರೆ ಅಳೆಯಲು ಏನೂ ಉಳಿಯುವುದಿಲ್ಲ. ದೊಡ್ಡವಳು ಅನಿಲ ತಡೆಯುವ ಮುಖವಾಡಗಳನ್ನು ತೆಗೆದು ಒಂದನ್ನು ಅವಳಿಗೆ ಕೊಟ್ಟಳು. ಇಬ್ಬರೂ ತಗ್ಗಿಗೆ ಇಳಿದು ಅಳತೆ ಮಾಡಿದರು. ಒಬ್ಬಳು ಮೀಟರ್ ಹಿಡಿದಳು, ಇನ್ನೊಬ್ಬಳು ಬರೆದುಕೊಂಡಳು. ಹಿಂದಿರುಗುವಾಗ ಚಿಕ್ಕವಳು ಒಂದೇ ಮಾತು ಹೇಳಿದಳು: "ನಿರ್ದೇಶಕರಿಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ. ಹೇಳದಿದ್ರೆ ನಿಮ್ಮ ಮುಖ ನೋಡಲ್ಲ."

ದೊಡ್ಡವಳು ಅಂದೇ ಹೇಳಿದಳು. ನಿರ್ದೇಶಕರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆ ಕನ್ನಡಕವೂ ಅವಳ ಗಂಡನ ಅಂಗಡಿಯದೇ. ಮಳೆಗಾಲದವರೆಗೆ ಅವಳು ಜೀಪು ಮುಟ್ಟಕೂಡದು, ಕಚೇರಿಯಲ್ಲೇ ಕೂತು ತಗ್ಗಿನ ಹೊಸ ನಕ್ಷೆಯ ಕೆಲಸ ಮಾಡಬೇಕು, ಹೊರಗಿನ ಅಳತೆ ಚಿಕ್ಕವಳು ನೋಡಿಕೊಳ್ಳುವಳು ಎಂದು ಆದೇಶವಾಯಿತು.

ಮನೆಯಲ್ಲಿ ಗಂಡ ಎಂದಿನಂತೆ ತಮಾಷೆ ಮಾಡಲಿಲ್ಲ. ಅತ್ತೆ ವಿಷಯ ಕೇಳಿ ರೇಡಿಯೋ ಆರಿಸಿದರು. "ಉಸಿರು ಸಿಗದೆ ಒದ್ದಾಡೋರನ್ನ ನೀನು ಒಂದು ಸಲ ನೋಡಿದೆ. ನಾನು ಕೆಲಸದಲ್ಲಿದ್ದಷ್ಟು ಕಾಲವೂ ನೋಡಿದೀನಿ" ಎಂದರು. ಎರಡು ದಿನ ಅವಳ ಕೈಯ ಊಟ ಮಾಡಲಿಲ್ಲ. ಮೂರನೆಯ ದಿನ ತಟ್ಟೆ ಮುಂದಿಟ್ಟುಕೊಂಡು, "ಉಪ್ಪು ಕಮ್ಮಿ" ಎಂದರು. ಅದರ ಮೇಲೆ ಮಾತು ಶುರುವಾಯಿತು. ದೊಡ್ಡವಳು ಅವರಿಗೆ, "ಮೇಲೆ ಹೋದಾಗ ಚಿಕ್ಕವಳನ್ನೂ ಸ್ವಲ್ಪ ಹೊಗಳಿ. ಅವಳ ಮುಂದೆ ಅವಳನ್ನ, ನನ್ನ ಮುಂದೆ ನನ್ನನ್ನ" ಎಂದಳು.

"ಎದುರಿಗೇ ಹೊಗಳಿದ್ರೆ ತಲೆ ತಿರುಗಲ್ವೇನೇ?" ಎಂದು ಅತ್ತೆ ನಿಜವಾಗಿಯೂ ಆಶ್ಚರ್ಯಪಟ್ಟರು.

ನಕ್ಷೆಯ ಕೆಲಸ ಮೊದಮೊದಲು ಅವಳಿಗೆ ಶಿಕ್ಷೆಯೇ ಆಗಿತ್ತು. ಏಣನ್ನೂ ಸಂದನ್ನೂ ಸಣ್ಣ ಸಣ್ಣ ಚೌಕಗಳಾಗಿ ಒಡೆದು, ರಾತ್ರಿಯ ತಂಪನ್ನು ಸೇರಿಸಿ, ಲೆಕ್ಕ ಹಾಕಿಸಿದರೆ ಪರದೆಯ ಮೇಲೆ ಅನಿಲ ಕೆಲವೊಮ್ಮೆ ಕೆಳಗಿಳಿಯುವ ಬದಲು ಬೆಟ್ಟ ಹತ್ತುತ್ತಿತ್ತು. ಚಿಕ್ಕವಳು ಬಂದು ಹಿಂದೆ ನಿಂತು ಎಲ್ಲಿ ತಪ್ಪಿದೆ ಎಂದು ತೋರಿಸುವಳು. ಅವಳ ದನಿಯಲ್ಲಿ ಇನ್ನೂ ಮೊದಲಿನ ಸಲಿಗೆ ಇರಲಿಲ್ಲ. ಆದರೂ ತೋರಿಸುವುದನ್ನು ಬಿಡಲಿಲ್ಲ. ಚಳಿಗಾಲ ಮುಗಿಯುವ ಮುಂಚೆ ತಗ್ಗಿನ ಬೇಲಿಯಲ್ಲಿ ತಾನಾಗಿ ಅಳೆಯುವ ಮೀಟರ್ ನಿಂತಿತು, ಅನಿಲ ಇಳಿಯುವ ಬೆಳಿಗ್ಗೆಗಳಲ್ಲಿ ಮೊದಲೇ ಎಚ್ಚರಿಕೆ ಹೋಗತೊಡಗಿತು. ನರ್ಸರಿಯವರು ಮನೆಗೆ ಮರಳಿ, ಸುಟ್ಟ ಗಿಡಗಳನ್ನು ಕಿತ್ತು ಹೊಸ ಸಸಿ ಹಾಕಿದರು. ರೇಡಿಯೋದವರು ಚಿಕ್ಕವಳನ್ನು ಮತ್ತೆ ಕರೆದರು. ಹೋಗಿ ನೋಡಿ ಬಂದ ಜಾಗವನ್ನು ಮಾತ್ರ ಈಗ ಅವಳು ಶುಭ್ರ ಎನ್ನುತ್ತಿದ್ದಳು.

ಆದರೆ ದೊಡ್ಡವಳ ಹೊಟ್ಟೆಕಿಚ್ಚು ಆರಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅದು ಜಾಗ ಬದಲಿಸಿತು, ಅಷ್ಟೇ. ಬೆಳಿಗ್ಗೆ ಕಚೇರಿಯ ಕಿಟಕಿಯಿಂದ ಜೀಪು ಗೇಟು ದಾಟುವುದು ಕಾಣುತ್ತಿತ್ತು. ಚಿಕ್ಕವಳು ಗೇರನ್ನು ಕರಕರ ಎನ್ನಿಸುವಳು, ತಿರುವಿನಲ್ಲಿ ಬೇಡದ ಕಡೆ ಬ್ರೇಕು ಹಾಕುವಳು. ತನ್ನ ಜೀಪು, ತನ್ನ ರಸ್ತೆ, ತನ್ನ ಬೆಳಗು. ದೊಡ್ಡವಳು ಕಿಟಕಿಯ ಸರಳು ಹಿಡಿದು ಹಲ್ಲು ಕಚ್ಚುತ್ತಿದ್ದಳು.

ಒಂದು ದಿನ ಗಾಳಿ ಹುಚ್ಚಾಬಟ್ಟೆ ಬೀಸುತ್ತಿದ್ದಾಗ ಫೋನು ಬಂತು.

"ಅಕ್ಕಾ, ಹೊಗೆ ಅಂಚು ಸಿಗ್ತಿಲ್ಲ. ಯಂತ್ರ ಒಂದು ಸಲ ಇದೆ ಅನ್ನುತ್ತೆ, ಒಂದು ಸಲ ಇಲ್ಲ ಅನ್ನುತ್ತೆ. ಎಲ್ಲಿ ತಿರುಗಿಸ್ಲಿ?"

ದೊಡ್ಡವಳು ಕುರ್ಚಿಯಿಂದ ಎದ್ದಳು. "ಎಲ್ಲಿದೀಯ? ಕಲ್ಲುಗಣಿ ದಾಟಿದ್ಯಾ?"

"ಈಗ ದಾಟಿದೆ."

"ಹಾಗಾದ್ರೆ ನಿಧಾನಕ್ಕೆ ಹೋಗು. ಯಂತ್ರ ಬಿಡು, ಕಿಟಕಿ ಇಳಿಸು. ನಾಲಿಗೆ ಮೇಲೆ ಏನಾದ್ರೂ ಹುಳಿ ಅನ್ಸುತ್ತಾ?"

ಆ ಕಡೆಯಿಂದ ಗಾಳಿಯ ಸದ್ದು ಬಂತು, ಆಮೇಲೆ ಕೆಮ್ಮು, ಆಮೇಲೆ ಚಿಕ್ಕವಳ ನಗು. "ಹೌದು ಅಕ್ಕಾ! ಅಯ್ಯಪ್ಪಾ, ಬಾಯಿ ತುಂಬ!"

"ಅದು ಹೋಗೋವರೆಗೂ ಹೋಗು. ಹೋದ ಮೇಲೆ ಇನ್ನೂ ಸ್ವಲ್ಪ ಮುಂದೆ ಹೋಗಿ ತಿರುಗಿಸು. ಅವಸರ ಮಾಡ್ಬೇಡ. ನಾನು ಫೋನ್ ಇಡಲ್ಲ."

ದೊಡ್ಡವಳು ಕಣ್ಣುಮುಚ್ಚಿ ನಿಂತಳು. ರಸ್ತೆಯ ಒಂದೊಂದು ಉಬ್ಬೂ ಅವಳಿಗೆ ಗೊತ್ತಿತ್ತು. ಈಗ ಸೇತುವೆ, ಈಗ ಏರು, ಈಗ ಒಣಮರದ ತಿರುವು. ಅಲ್ಲಿ ತಾನಿಲ್ಲದ್ದಕ್ಕೆ ಎದೆಯಲ್ಲಿ ಕಟುವಾಗಿ ಉರಿಯಿತು. ಉರಿಯುತ್ತಿರುವಾಗಲೇ ಅವಳು, "ಮುಂದೆ ಗುಂಡಿ ಇದೆ, ಬಲಕ್ಕೆ ಬಾ" ಎಂದಳು.